ಭೂಮಿ ಕ್ರಯದ ಕರಾರಿನ ನಿರಾಕರಣೆ

ಭೂಮಿ ಕ್ರಯದ ಕರಾರಿನ ನಿರಾಕರಣೆ ಎಂದರೆ ಜಮೀನು, ನಿವೇಶನ ಅಥವಾ ಮನೆಯನ್ನು ಮಾರುವ ಮತ್ತು ಕೊಳ್ಳುವ ಒಪ್ಪಂದ ಮಾಡಿಕೊಂಡ ಇಬ್ಬರಲ್ಲಿ ಒಬ್ಬರು, ತಾವು ಆ ಒಪ್ಪಂದವನ್ನು ಇನ್ನು ನಡೆಸಿಕೊಡುವುದಿಲ್ಲವೆಂದು ಮಾತಿನಿಂದಾಗಲಿ ನಡತೆಯಿಂದಾಗಲಿ ಸ್ಪಷ್ಟಪಡಿಸುವುದು. ಇಂಗ್ಲಿಷ್ ಕಾನೂನಿನಲ್ಲಿ ಇದಕ್ಕೆ ರಿಪ್ಯುಡಿಯೇಟರಿ ಬ್ರೀಚ್ ಎಂದು ಹೆಸರು. ಸಣ್ಣಪುಟ್ಟ ಲೋಪಗಳಿಂದ ಇದು ಭಿನ್ನವಾದುದು. ಒಂದು ದಾಖಲೆ ತಡವಾಗಿ ಬಂದರೆ, ಒಂದು ಕಂತು ನಾಲ್ಕು ದಿನ ಹಿಂದೆ ಬಿದ್ದರೆ ಅದು ಉಲ್ಲಂಘನೆಯಷ್ಟೆ. ಕರಾರಿನ ಬುಡವನ್ನೇ ಅಲ್ಲಾಡಿಸುವ ಉಲ್ಲಂಘನೆ ಮಾತ್ರ ನಿರಾಕರಣೆಯೆನಿಸುತ್ತದೆ.

ಒಬ್ಬರು ನಿರಾಕರಿಸಿದ ಮಾತ್ರಕ್ಕೆ ಕರಾರು ತಾನಾಗಿಯೇ ಮುಗಿದುಹೋಗುತ್ತದೆ ಎಂಬ ತಿಳಿವಳಿಕೆ ಜನಸಾಮಾನ್ಯರಲ್ಲಿ ಇದೆ. ಅದು ಸರಿಯಲ್ಲ. ನಿರಾಕರಣೆಯು ಎದುರು ಪಕ್ಷಕಾರರ ಕೈಗೆ ಒಂದು ಆಯ್ಕೆಯನ್ನು ಕೊಡುತ್ತದೆ. ಆ ಆಯ್ಕೆಯನ್ನು ಹೇಗೆ, ಎಂದು ಮಾಡಿದರು ಎಂಬುದರ ಮೇಲೆ ಭೂಮಿ ಯಾರಿಗೆ, ಮುಂಗಡ ಹಣ ಯಾರಿಗೆ ಎಂಬುದು ತೀರ್ಮಾನವಾಗುತ್ತದೆ.

ಪದಗಳ ಬಗ್ಗೆ

ಕರ್ನಾಟಕದಲ್ಲಿ ಇಂಥ ಒಪ್ಪಂದವನ್ನು ಕ್ರಯದ ಕರಾರು, ಖರೀದಿ ಕರಾರು ಎನ್ನುವುದುಂಟು. ಆಡುಮಾತಿನಲ್ಲಿ 'ಅಗ್ರಿಮೆಂಟ್' ಎಂಬುದೇ ಹೆಚ್ಚು ಬಳಕೆಯಲ್ಲಿದೆ. ಕರಾರನ್ನು ಗಟ್ಟಿಮಾಡಲು ಕೊಡುವ ಮುಂಗಡ ಹಣಕ್ಕೆ ಕನ್ನಡದಲ್ಲಿ 'ಸಂಚಕಾರ' ಎಂಬ ಹಳೆಯ ಪದವಿದೆ. ಇಂದು ಇದೇ ಪದ 'ಜೀವಕ್ಕೆ ಸಂಚಕಾರ' ಎಂಬಲ್ಲಿ ಅಪಾಯ ಎಂಬ ಅರ್ಥದಲ್ಲಿ ಉಳಿದಿದೆ. ಮುಂಗಡ ಕೊಟ್ಟು ನಿವೇಶನಕ್ಕಾಗಿ ವರ್ಷಗಟ್ಟಲೆ ನ್ಯಾಯಾಲಯಕ್ಕೆ ಅಲೆದವರಿಗೆ ಈ ಎರಡು ಅರ್ಥಗಳ ನಡುವಿನ ದೂರ ಹೆಚ್ಚೆನಿಸಲಾರದು.

ಕರಾರು ಬೇರೆ, ಕ್ರಯಪತ್ರ ಬೇರೆ. ಸ್ವತ್ತು ವರ್ಗಾವಣೆ ಅಧಿನಿಯಮ 1882ರ 54ನೇ ಕಲಮಿನ ಪ್ರಕಾರ ಕ್ರಯದ ಕರಾರು ತಾನಾಗಿ ಆ ಸ್ವತ್ತಿನಲ್ಲಿ ಯಾವ ಹಕ್ಕನ್ನೂ ಹುಟ್ಟಿಸುವುದಿಲ್ಲ. ನೋಂದಣಿಯಾದ ಕ್ರಯಪತ್ರದಿಂದ ಮಾತ್ರ ಒಡೆತನ ಕೈ ಬದಲಾಗುತ್ತದೆ. ಆದ್ದರಿಂದ ಕರಾರಿನ ದಿನಕ್ಕೂ ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಸಹಿ ಬೀಳುವ ದಿನಕ್ಕೂ ನಡುವಿನ ಅವಧಿಯಲ್ಲಿ ಖರೀದಿದಾರರ ಕೈಯಲ್ಲಿರುವುದು ಭೂಮಿಯಲ್ಲ, ಒಂದು ಮಾತು. ನಿರಾಕರಣೆಯ ಪ್ರಶ್ನೆಗಳೆಲ್ಲ ಹುಟ್ಟುವುದು ಈ ಅವಧಿಯಲ್ಲಿಯೇ.

ಕಾನೂನಿನ ಮೂಲ

ಕರಾರನ್ನು ನಡೆಸಿಕೊಡಬೇಕಾದ ದಿನ ಬರುವ ಮೊದಲೇ ಒಬ್ಬರು 'ಆಗುವುದಿಲ್ಲ' ಎಂದರೆ, ಇನ್ನೊಬ್ಬರು ಆ ದಿನದವರೆಗೆ ಕಾಯಲೇಬೇಕೆ? ಈ ಪ್ರಶ್ನೆಗೆ ಇಂಗ್ಲೆಂಡಿನಲ್ಲಿ 1853ರ ಹಾಕ್‌ಸ್ಟರ್ ವಿರುದ್ಧ ಡಿ ಲಾ ಟೂರ್ ಮೊಕದ್ದಮೆಯಲ್ಲಿ ಉತ್ತರ ದೊರೆಯಿತು. ಅದು ಭೂಮಿಯ ವ್ಯಾಜ್ಯವಲ್ಲ. ಪ್ರವಾಸದಲ್ಲಿ ಜೊತೆಗಿರಲು ನೇಮಕಗೊಂಡಿದ್ದ ಸಹಾಯಕನೊಬ್ಬನಿಗೆ ಜೂನ್ 1ರಂದು ಕೆಲಸ ಆರಂಭವಾಗಬೇಕಿತ್ತು. ಮೇ ತಿಂಗಳಲ್ಲಿಯೇ ಧಣಿಯು ಬೇಡವೆಂದು ತಿಳಿಸಿದನು. ಸಹಾಯಕನು ಜೂನ್ ಬರುವ ಮೊದಲೇ ದಾವೆ ಹೂಡಿದನು, ಗೆದ್ದನು. ಅವಧಿಗೆ ಮುನ್ನಿನ ಉಲ್ಲಂಘನೆ ಎಂಬ ತತ್ವ ಅಲ್ಲಿಂದ ನೆಲೆಗೊಂಡಿತು.

ಭಾರತದಲ್ಲಿ ಈ ತತ್ವ ಭಾರತೀಯ ಕರಾರು ಅಧಿನಿಯಮ 1872ರ 39ನೇ ಕಲಮಿನಲ್ಲಿದೆ. ಒಬ್ಬ ಪಕ್ಷಕಾರನು ತನ್ನ ವಚನವನ್ನು ಪೂರ್ತಿಯಾಗಿ ನಡೆಸಿಕೊಡಲು ನಿರಾಕರಿಸಿದರೆ, ಅಥವಾ ನಡೆಸಿಕೊಡಲಾಗದ ಸ್ಥಿತಿಗೆ ತನ್ನನ್ನು ತಾನೇ ತಂದುಕೊಂಡರೆ, ಎದುರು ಪಕ್ಷಕಾರನು ಕರಾರನ್ನು ಕೊನೆಗೊಳಿಸಬಹುದು. ಆದರೆ ಕರಾರು ಮುಂದುವರಿಯಲೆಂದು ಆತನು ಮಾತಿನಿಂದಲೋ ನಡತೆಯಿಂದಲೋ ಸಮ್ಮತಿ ಸೂಚಿಸಿದ್ದರೆ ಆ ಅವಕಾಶ ಇರುವುದಿಲ್ಲ. ಕಲಮಿನಲ್ಲಿ ಕೊಟ್ಟಿರುವ ಉದಾಹರಣೆ ನಾಟಕಶಾಲೆಯ ಗಾಯಕಿಯದು: ಆರನೆಯ ರಾತ್ರಿ ಆಕೆ ಬೇಕೆಂದೇ ಹಾಡಲು ಬರಲಿಲ್ಲ. ಮ್ಯಾನೇಜರು ಕರಾರನ್ನು ಅಂದೇ ಮುಗಿಸಬಹುದಿತ್ತು. ಏಳನೆಯ ರಾತ್ರಿ ಆಕೆಯಿಂದ ಹಾಡಿಸಿದರೆ ಆ ಹಕ್ಕು ಹೋಯಿತು, ಆರನೆಯ ರಾತ್ರಿಯ ನಷ್ಟಕ್ಕೆ ಪರಿಹಾರ ಕೇಳುವ ಹಕ್ಕು ಮಾತ್ರ ಉಳಿಯಿತು. ಭೂಮಿಯ ವ್ಯವಹಾರದಲ್ಲಿ ಈ ಏಳನೆಯ ರಾತ್ರಿಗೆ ಸಮನಾದುದು, ಗಡುವು ಮುಗಿದ ಮೇಲೂ ಮಾರಾಟಗಾರರು ಇನ್ನೊಂದು ಕಂತನ್ನು ಪಡೆದು ರಸೀದಿ ಕೊಡುವುದು.

ನಿರಾಕರಣೆಯ ಬಗೆಗಳು

ನೇರವಾದ ಬಗೆಯೆಂದರೆ ಪತ್ರ ಬರೆದು ಅಥವಾ ವಕೀಲರ ನೋಟಿಸು ಕಳುಹಿಸಿ ಮಾರುವುದಿಲ್ಲ, ಕೊಳ್ಳುವುದಿಲ್ಲ ಎನ್ನುವುದು. ಇದಕ್ಕಿಂತ ಹೆಚ್ಚಾಗಿ ಕಾಣುವುದು ಸುತ್ತುಬಳಸಿನ ನಿರಾಕರಣೆ. ಒಪ್ಪಿದ ಬೆಲೆಗಿಂತ ಹೆಚ್ಚು ಕೊಟ್ಟರೆ ಮಾತ್ರ ಸಹಿ ಎನ್ನುವುದು, ಕರಾರೇ ಆಗಿಲ್ಲ ಎನ್ನುವುದು, ಪಡೆದ ಮುಂಗಡವನ್ನು ಕೈಸಾಲವೆಂದು ಕರೆಯುವುದು, ಇವೆಲ್ಲ ಈ ಗುಂಪಿಗೆ ಸೇರಿದವು. ಕಾರಣಕ್ಕಾಗಿ ದೂರ ಹೋಗಬೇಕಾಗಿಲ್ಲ: ಬೆಲೆ ಏರಿದರೆ ಮಾರುವವರಿಗೆ ಕರಾರು ಭಾರವಾಗುತ್ತದೆ, ಇಳಿದರೆ ಕೊಳ್ಳುವವರಿಗೆ.

ಎರಡನೆಯ ಬಗೆ ತನ್ನನ್ನು ಅಸಮರ್ಥಗೊಳಿಸಿಕೊಳ್ಳುವುದು. ಕರಾರು ಜೀವಂತವಿರುವಾಗಲೇ ಅದೇ ನಿವೇಶನವನ್ನು ಮೂರನೆಯವರಿಗೆ ಕ್ರಯ ಮಾಡಿಕೊಡುವುದು ಇದರ ಸಾಮಾನ್ಯ ರೂಪ. ಹೀಗಾದ ಮಾತ್ರಕ್ಕೆ ಮೊದಲ ಖರೀದಿದಾರರ ದಾರಿ ಮುಚ್ಚುವುದಿಲ್ಲ. ನಿರ್ದಿಷ್ಟ ಪರಿಹಾರ ಅಧಿನಿಯಮ 1963ರ 19ನೇ ಕಲಮಿನ ಪ್ರಕಾರ, ಎರಡನೆಯ ಖರೀದಿದಾರರು ಹಿಂದಿನ ಕರಾರಿನ ಅರಿವಿಲ್ಲದೆ, ಸದ್ಭಾವನೆಯಿಂದ, ಹಣ ಕೊಟ್ಟು ಕೊಂಡವರಲ್ಲದಿದ್ದರೆ ಅವರ ವಿರುದ್ಧವೂ ಕರಾರನ್ನು ಜಾರಿಗೊಳಿಸಬಹುದು. ಲಾಲಾ ದುರ್ಗಾ ಪ್ರಸಾದ್ ವಿರುದ್ಧ ಲಾಲಾ ದೀಪ್ ಚಂದ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಇಂಥ ಡಿಕ್ರಿಯ ರೂಪವನ್ನು ತಿಳಿಸಿತು: ಮಾರಾಟಗಾರರು ಮೊದಲ ಖರೀದಿದಾರರಿಗೆ ಕ್ರಯಪತ್ರ ಬರೆದುಕೊಡಬೇಕು, ಎರಡನೆಯ ಖರೀದಿದಾರರೂ ಅದಕ್ಕೆ ಸೇರಿ ಸಹಿ ಹಾಕಿ ತಮಗೆ ಬಂದ ಹಕ್ಕನ್ನು ದಾಟಿಸಬೇಕು. ಕರಾರನ್ನು ನೋಂದಣಿ ಮಾಡಿಸಿದ್ದರೆ ಅದು ಋಣಭಾರ ಪತ್ರದಲ್ಲಿ ಕಾಣುವುದರಿಂದ, ಎರಡನೆಯವರು 'ನಮಗೆ ತಿಳಿಯದು' ಎನ್ನುವುದು ಕಷ್ಟ. ನೋಂದಣಿಯಾಗದ ಕರಾರನ್ನೂ ನಿರ್ದಿಷ್ಟ ಪಾಲನೆಯ ದಾವೆಯಲ್ಲಿ ಸಾಕ್ಷ್ಯವಾಗಿ ಒಪ್ಪಲು ನೋಂದಣಿ ಅಧಿನಿಯಮದ 49ನೇ ಕಲಮು ಅವಕಾಶ ಕೊಡುತ್ತದೆಯಾದರೂ, ನೋಂದಣಿಯಿಂದ ಸಿಗುವ ಈ ರಕ್ಷಣೆ ಅದಕ್ಕೆ ಸಿಗುವುದಿಲ್ಲ.

ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಇನ್ನೊಂದು ತೊಡಕಿದೆ. ಒಬ್ಬ ಸಹೋದರ ಇಡೀ ಜಮೀನನ್ನು ಮಾರುವುದಾಗಿ ಬರೆದುಕೊಟ್ಟು, ಅನಂತರ ಉಳಿದವರು ಒಪ್ಪುತ್ತಿಲ್ಲವೆನ್ನುತ್ತಾನೆ. ಆಗ ಖರೀದಿದಾರರು 12ನೇ ಕಲಮಿನ ಷರತ್ತುಗಳಿಗೊಳಪಟ್ಟು, ಉಳಿದ ಭಾಗದ ಮೇಲಿನ ಹಕ್ಕನ್ನೂ ಅದರ ಪರಿಹಾರವನ್ನೂ ಬಿಟ್ಟುಕೊಟ್ಟು, ಆತನ ಪಾಲನ್ನು ಮಾತ್ರ ಕೇಳಬಹುದು.

ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿಯ ವಿಷಯ ಬೇರೆ. 1978ರ ಕೆಲವು ಭೂಮಿಗಳ ವರ್ಗಾವಣೆ ನಿಷೇಧ ಅಧಿನಿಯಮದ ಪ್ರಕಾರ ಸರ್ಕಾರದ ಪೂರ್ವಾನುಮತಿಯಿಲ್ಲದೆ ಅದನ್ನು ವರ್ಗಾಯಿಸುವಂತಿಲ್ಲ. 'ವರ್ಗಾವಣೆ' ಪದದ ವ್ಯಾಖ್ಯೆಯಲ್ಲಿ ಮಾರುವ ಕರಾರೂ ಸೇರಿದೆ. ಅನುಮತಿಯಿಲ್ಲದ ಕರಾರಿಗೆ ಕಾನೂನಿನ ಬಲವೇ ಇಲ್ಲದಿರುವಾಗ ಅದರ ನಿರಾಕರಣೆಯ ಪ್ರಶ್ನೆ ಏಳುವುದಿಲ್ಲ.

ಯಾವುದು ನಿರಾಕರಣೆಯಲ್ಲ ಎಂಬುದನ್ನು ತಿಳಿಯಲು ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ 1980ರಲ್ಲಿ ನಿರ್ಧರಿಸಿದ ವುಡಾರ್ ವಿರುದ್ಧ ವಿಂಪಿ ಮೊಕದ್ದಮೆ ಉಪಯುಕ್ತ. 14 ಎಕರೆ ಭೂಮಿಗೆ 8,50,000 ಪೌಂಡ್ ಬೆಲೆ ನಿಗದಿಯಾಗಿತ್ತು. ಬಳಿಕ ಮಾರುಕಟ್ಟೆ ಕುಸಿಯಿತು. ಭೂಸ್ವಾಧೀನಕ್ಕೆ ಸಂಬಂಧಿಸಿದ ಷರತ್ತೊಂದನ್ನು ಹಿಡಿದು ಖರೀದಿದಾರ ಕಂಪನಿಯು ಕರಾರನ್ನು ರದ್ದುಮಾಡಿರುವುದಾಗಿ ತಿಳಿಸಿತು. ಆ ಷರತ್ತು ಅಲ್ಲಿಗೆ ಅನ್ವಯಿಸುತ್ತಿರಲಿಲ್ಲ. ಆದರೂ ಐವರಲ್ಲಿ ಮೂವರು ನ್ಯಾಯಮೂರ್ತಿಗಳು ಇದು ನಿರಾಕರಣೆಯಲ್ಲವೆಂದರು. ಕರಾರಿನೊಳಗಿನ ಷರತ್ತನ್ನೇ ನಂಬಿ, ತಪ್ಪಾಗಿ ಅರ್ಥಮಾಡಿಕೊಂಡು ನಡೆದವರು ಕರಾರನ್ನು ತೊರೆದವರಲ್ಲ ಎಂಬುದು ಅವರ ನಿಲುವು. ಇಬ್ಬರು ಒಪ್ಪಲಿಲ್ಲ. ಮಾರುಕಟ್ಟೆ ಕುಸಿದಾಗ ನೆನಪಾಗುವ ಷರತ್ತನ್ನು ಎಷ್ಟರಮಟ್ಟಿಗೆ ಪ್ರಾಮಾಣಿಕವೆನ್ನಬೇಕು ಎಂಬ ಶಂಕೆಗೆ ಆ ಭಿನ್ನ ತೀರ್ಪುಗಳು ಇಂದಿಗೂ ಆಸರೆ.

ಕಾಲದ ಪ್ರಶ್ನೆ

ಗಡುವು ತಪ್ಪಿಸುವುದು ನಿರಾಕರಣೆಯೆ? ಕರಾರು ಅಧಿನಿಯಮದ 55ನೇ ಕಲಮಿನಂತೆ, ಕಾಲವು ಕರಾರಿನ ಸಾರವಾಗಿದ್ದರೆ ಮಾತ್ರ ತಡವಾದುದಕ್ಕಾಗಿ ಕರಾರನ್ನು ಕೊನೆಗೊಳಿಸಬಹುದು. ಸ್ಥಿರಾಸ್ತಿಯ ಕ್ರಯದಲ್ಲಿ ಸಾಮಾನ್ಯವಾಗಿ ಕಾಲವು ಸಾರವಲ್ಲವೆಂಬುದು ಭಾರತದ ನ್ಯಾಯಾಲಯಗಳು ಅನುಸರಿಸಿಕೊಂಡು ಬಂದ ನಿಯಮ.

ಇದಕ್ಕೆ ವಿರುದ್ಧವಾದ ಚಿತ್ರ ಹಾಂಗ್‌ಕಾಂಗಿನದು. 1991ರಲ್ಲಿ ಅಲ್ಲಿ ಫ್ಲ್ಯಾಟ್ ಒಂದರ ಖರೀದಿ ಸಂಜೆ 5 ಗಂಟೆಯೊಳಗೆ ಮುಗಿಯಬೇಕಿತ್ತು; ಕಾಲವೇ ಸಾರವೆಂದು ಕರಾರಿನಲ್ಲಿ ಬರೆದಿತ್ತು. ಖರೀದಿದಾರರ ಕಡೆಯ ಚೆಕ್ಕು 10 ನಿಮಿಷ ತಡವಾಗಿ ತಲುಪಿತು. ಮಾರಾಟಗಾರರು ಕರಾರನ್ನು ರದ್ದುಮಾಡಿ ಬೆಲೆಯ ನೂರಕ್ಕೆ 10ರಷ್ಟಿದ್ದ ಠೇವಣಿಯನ್ನು ಮುಟ್ಟುಗೋಲು ಹಾಕಿಕೊಂಡರು. ಯೂನಿಯನ್ ಈಗಲ್ ಮೊಕದ್ದಮೆಯೆಂದು ಹೆಸರಾದ ಇದರಲ್ಲಿ 1997ರಲ್ಲಿ ಪ್ರಿವಿ ಕೌನ್ಸಿಲ್ ಮಾರಾಟಗಾರರ ಪರ ತೀರ್ಪಿತ್ತಿತು.

ಭಾರತದಲ್ಲಿಯೂ ಕರಾರಿನ ಮಾತುಗಳಿಂದ ಕಾಲವನ್ನು ಸಾರವಾಗಿಸಬಹುದು. ಚಾಂದ್ ರಾಣಿ ವಿರುದ್ಧ ಕಮಲ್ ರಾಣಿ ಮೊಕದ್ದಮೆಯಲ್ಲಿ 98,000 ರೂಪಾಯಿಗಳನ್ನು '10 ದಿನಗಳೊಳಗೆ ಮಾತ್ರ' ಕೊಡಬೇಕೆಂದು ಬರೆದಿತ್ತು. ಖರೀದಿದಾರರು ಬೇರೆ ದಾಖಲೆಗಳು ಮೊದಲು ಬರಲೆಂದು ಹಣವನ್ನು ತಡೆಹಿಡಿದರು. ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು 1993ರ ತನ್ನ ವರದಿಯಾದ ತೀರ್ಪಿನಲ್ಲಿ ಇಲ್ಲಿ ಕಾಲವೇ ಸಾರವೆಂದು ಹೇಳಿ ಖರೀದಿದಾರರಿಗೆ ಆಸ್ತಿಯನ್ನು ನಿರಾಕರಿಸಿತು. 1997ರ ಕೆ. ಎಸ್. ವಿದ್ಯಾನಾದಂ ವಿರುದ್ಧ ವೈರವನ್ ತೀರ್ಪು ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಮದುರೆಯ ಮನೆಯೊಂದರ ಬೆಲೆ 60,000 ರೂಪಾಯಿ, ಮುಂಗಡ 5,000, ಅವಧಿ ಆರು ತಿಂಗಳು. ಖರೀದಿದಾರರು ಎರಡೂವರೆ ವರ್ಷ ಸುಮ್ಮನಿದ್ದು ಬಳಿಕ ದಾವೆ ಹೂಡಿದರು; ಅಷ್ಟರಲ್ಲಿ ಬೆಲೆ ಮೂರು ಪಟ್ಟಾಗಿತ್ತು. ಕಾಲವು ಸಾರವಲ್ಲದಿದ್ದರೂ ಕರಾರಿನಲ್ಲಿ ನಮೂದಿಸಿದ ಅವಧಿಗೆ ಅರ್ಥವಿದೆ ಎಂದು ನ್ಯಾಯಾಲಯ ಹೇಳಿತು. 2011ರ ಸಾರದಾಮಣಿ ಕಂದಪ್ಪನ್ ತೀರ್ಪಿನಲ್ಲಿ, ಬೆಲೆಗಳು ಸ್ಥಿರವಾಗಿದ್ದ ಕಾಲದ ಈ ಹಳೆಯ ನಿಯಮವನ್ನು ಬೆಲೆ ನಾಗಾಲೋಟದಲ್ಲಿರುವ ಕಾಲದಲ್ಲಿ ಮರುಪರಿಶೀಲಿಸಬೇಕೆಂಬ ಅಭಿಪ್ರಾಯವೂ ಬಂದಿತು. ಚಾಂದ್ ರಾಣಿಯ ಪೀಠ ದೊಡ್ಡದಾದ್ದರಿಂದ ಮೂಲ ನಿಯಮ ಬಿದ್ದುಹೋಗಿಲ್ಲ.

ಬಾಧಿತ ಪಕ್ಷಕಾರರ ಆಯ್ಕೆ

ಮಾರಾಟಗಾರರು ನಿರಾಕರಿಸಿದಾಗ ಖರೀದಿದಾರರ ಮುಂದೆ ಎರಡು ದಾರಿಗಳಿವೆ. ಮೊದಲನೆಯದು, ನಿರಾಕರಣೆಯನ್ನು ಒಪ್ಪಿ ಕರಾರು ಮುಗಿಯಿತೆಂದು ತಿಳಿದು, ಕೊಟ್ಟ ಹಣವನ್ನೂ ಕರಾರು ಅಧಿನಿಯಮದ 73ನೇ ಕಲಮಿನಂತೆ ನಷ್ಟ ಪರಿಹಾರವನ್ನೂ ಕೇಳುವುದು. ಎರಡನೆಯದು, ನಿರಾಕರಣೆಯನ್ನು ಒಪ್ಪದೆ ಕರಾರನ್ನು ಜೀವಂತವಾಗಿ ಇಟ್ಟುಕೊಂಡು ಅದರ ನಿರ್ದಿಷ್ಟ ಪಾಲನೆಗಾಗಿ, ಎಂದರೆ ಕ್ರಯಪತ್ರವನ್ನೇ ಬರೆಸಿಕೊಡಬೇಕೆಂದು ದಾವೆ ಹೂಡುವುದು. ಜವಾಹರ್‌ಲಾಲ್ ವಾಧ್ವಾ ವಿರುದ್ಧ ಹರಿಪದ ಚಕ್ರವರ್ತಿ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಇವೆರಡನ್ನೂ ಬೇರ್ಪಡಿಸಿ ತೋರಿಸಿದೆ. ಕರಾರು ಮುಗಿಯಿತೆಂದು ಪರಿಹಾರದ ದಾರಿ ಹಿಡಿದವರು ಮತ್ತೆ ಭೂಮಿಯನ್ನು ಕೇಳುವಂತಿಲ್ಲ. ಕರಾರನ್ನು ಉಳಿಸಿಕೊಂಡವರು ತಾವು ತಮ್ಮ ಭಾಗವನ್ನು ನಡೆಸಿಕೊಡಲು ಸಿದ್ಧರೂ ಇಚ್ಛುಕರೂ ಆಗಿದ್ದೇವೆಂದು ತೋರಿಸದೆ ಭೂಮಿ ಪಡೆಯುವಂತಿಲ್ಲ.

ಎರಡನೆಯ ದಾರಿಯ ಕಷ್ಟವಿರುವುದು ಇಲ್ಲಿ. ನಿರ್ದಿಷ್ಟ ಪರಿಹಾರ ಅಧಿನಿಯಮದ 16ನೇ ಕಲಮಿನ (ಸಿ) ಉಪಕಲಮಿನಂತೆ, ಖರೀದಿದಾರರು ಮೊದಲಿನಿಂದಲೂ ಸಿದ್ಧತೆ ಮತ್ತು ಇಚ್ಛೆ ಹೊಂದಿದ್ದರೆಂಬುದು ರುಜುವಾತಾಗಬೇಕು. ಸಿದ್ಧತೆ ಎಂದರೆ ಹಣ ಹೊಂದಿಸುವ ಶಕ್ತಿ; ಇಚ್ಛೆ ಎಂದರೆ ಕೊಳ್ಳುವ ನಿಜವಾದ ಮನಸ್ಸು. ತಪ್ಪು ಮಾಡಿದವರು ಮಾರಾಟಗಾರರು, ಪರೀಕ್ಷೆಗೆ ಕೂರುವವರು ಖರೀದಿದಾರರು ಎಂದು ಇದು ವಿಚಿತ್ರವಾಗಿ ತೋರಬಹುದು. ಆದರೆ ಜೀವಂತವಿರುವ ಕರಾರು ಇಬ್ಬರನ್ನೂ ಕಟ್ಟಿಹಾಕುತ್ತದೆ ಎಂಬ ತರ್ಕ ಇದರ ಹಿಂದಿದೆ.

ಪರೀಕ್ಷೆ ಅತಿಯಾಗದಂತೆ ನ್ಯಾಯಾಲಯಗಳು ಕೆಲವು ಮಿತಿಗಳನ್ನು ಹಾಕಿವೆ. ನಾಥೂಲಾಲ್ ವಿರುದ್ಧ ಫೂಲ್‌ಚಂದ್ ತೀರ್ಪಿನಂತೆ ಖರೀದಿದಾರರು ಪೂರ್ತಿ ಹಣವನ್ನು ನಗದಾಗಿ ಎದುರಿಗೆ ತಂದಿಡಬೇಕಾಗಿಲ್ಲ. ಹಣ ಹೊಂದಿಸಬಲ್ಲ ಸ್ಥಿತಿ ಇತ್ತೆಂದು ತೋರಿಸಿದರೆ ಸಾಕು. ಇಂಟರ್‌ನ್ಯಾಷನಲ್ ಕಾಂಟ್ರ್ಯಾಕ್ಟರ್ಸ್ ವಿರುದ್ಧ ಪ್ರಶಾಂತ ಕುಮಾರ್ ಸೂರ್ ಮೊಕದ್ದಮೆಯಲ್ಲಿ, ಎದುರಿನವರು ಪೂರ್ತಿಯಾಗಿ ನಿರಾಕರಿಸಿದ ಮೇಲೆ ಅವರ ಮುಂದೆ ಹಣ ಹಿಡಿದು ನಿಲ್ಲುವ ಶಾಸ್ತ್ರ ಬೇಕಿಲ್ಲವೆಂದು ಹೇಳಲಾಯಿತು. ಆಸ್ಟ್ರೇಲಿಯದ ಹೈಕೋರ್ಟು 1989ರ ಫೋರನ್ ವಿರುದ್ಧ ವೈಟ್ ಮೊಕದ್ದಮೆಯಲ್ಲಿ ಹೆಚ್ಚುಕಡಿಮೆ ಇದೇ ಪ್ರಶ್ನೆಯನ್ನು ಎದುರಿಸಿತು. ದಾರಿಯ ಹಕ್ಕೊಂದರ ನೋಂದಣಿ ಆಗಿಲ್ಲವಾದ್ದರಿಂದ ಗಡುವಿನಂದು ಮಾರಾಟ ಮುಗಿಸಲಾಗದೆಂದು ಮಾರಾಟಗಾರರು ಮುಂಚೆಯೇ ತಿಳಿಸಿದರು. ಖರೀದಿದಾರರ ಬಳಿಯೂ ಆ ದಿನಕ್ಕೆ ಹಣ ಹೊಂದಿರಲಿಲ್ಲ. ಆದರೂ ಮಾರಾಟಗಾರರ ಮಾತೇ ಅವರನ್ನು ಹಣ ತಂದಿಡುವ ಹೊಣೆಯಿಂದ ಬಿಡಿಸಿತೆಂದು ಹೇಳಿ ನ್ಯಾಯಾಲಯ ಠೇವಣಿಯನ್ನು ವಾಪಸು ಕೊಡಿಸಿತು. ಅವರು ಕೇಳಿದ್ದು ಠೇವಣಿಯನ್ನು ಮಾತ್ರ ಎಂಬುದನ್ನು ಗಮನಿಸಬೇಕು. ಭೂಮಿಯನ್ನೇ ಕೇಳುವವರಿಗೆ ಭಾರತದಲ್ಲಿ ಇಷ್ಟು ಸಡಿಲಿಕೆ ಇಲ್ಲ. ಹಣ ತಂದಿಡುವ ಶಾಸ್ತ್ರ ತಪ್ಪಿದರೂ ಹಣದ ಶಕ್ತಿಯ ರುಜುವಾತು ತಪ್ಪುವುದಿಲ್ಲ. ಆ ಕಾಲದ ಬ್ಯಾಂಕ್ ಪಾಸ್‌ಬುಕ್ಕು, ಸಾಲ ಮಂಜೂರಾತಿಯ ಪತ್ರ, ತಾವು ಬರೆದ ನೋಟಿಸುಗಳ ಪ್ರತಿ, ಅಂಚೆಯ ಸ್ವೀಕೃತಿ ಚೀಟಿ, ಇಂಥ ಸಾಮಾನ್ಯ ಕಾಗದಗಳು ಇಲ್ಲಿ ದೊಡ್ಡ ಮಾತುಗಳಿಗಿಂತ ಹೆಚ್ಚು ಬೆಲೆಯುಳ್ಳವು.

1 ಅಕ್ಟೋಬರ್ 2018ರಿಂದ ಜಾರಿಗೆ ಬಂದ ತಿದ್ದುಪಡಿಯು ನಿರ್ದಿಷ್ಟ ಪಾಲನೆಯನ್ನು ನ್ಯಾಯಾಲಯದ ವಿವೇಚನೆಯಿಂದ ಬಹುಮಟ್ಟಿಗೆ ಹೊರತಂದು, ಷರತ್ತುಗಳು ಪೂರೈಸಿದರೆ ಜಾರಿಗೊಳಿಸಲೇಬೇಕಾದ ಪರಿಹಾರವನ್ನಾಗಿ ಮಾಡಿದೆ. ಸಿದ್ಧತೆ ಮತ್ತು ಇಚ್ಛೆಯ ಷರತ್ತು ಹಾಗೆಯೇ ಉಳಿದಿದೆ.

ಡಿಕ್ರಿ ದೊರೆತ ಮೇಲೂ ಎದುರಿನವರು ಪಾಲಿಸದಿದ್ದರೆ? ಇಂಗ್ಲೆಂಡಿನ ಜಾನ್ಸನ್ ವಿರುದ್ಧ ಆಗ್ನ್ಯೂ ಮೊಕದ್ದಮೆಯಲ್ಲಿ ಮಾರಾಟಗಾರರು 1974ರಲ್ಲಿ ಖರೀದಿದಾರರ ವಿರುದ್ಧ ನಿರ್ದಿಷ್ಟ ಪಾಲನೆಯ ಆದೇಶ ಪಡೆದರು. ಅದು ಜಾರಿಯಾಗುವ ಮೊದಲೇ ಅಡಮಾನದಾರರು ಆಸ್ತಿಯನ್ನು ಮಾರಿಬಿಟ್ಟರು. ಆದೇಶ ಪಡೆದ ಮೇಲೂ ನಿರಾಕರಣೆಯನ್ನು ಒಪ್ಪಿ ನಷ್ಟ ಪರಿಹಾರ ಕೇಳಬಹುದೆಂದು ಹೌಸ್ ಆಫ್ ಲಾರ್ಡ್ಸ್ 1979ರಲ್ಲಿ ತೀರ್ಮಾನಿಸಿತು. ಭಾರತದಲ್ಲಿ ಡಿಕ್ರಿ ಪಡೆದ ಖರೀದಿದಾರರು ನಿಗದಿಯಾದ ಅವಧಿಯಲ್ಲಿ ಹಣ ಕಟ್ಟದಿದ್ದರೆ, ಅದೇ ದಾವೆಯಲ್ಲಿ ಅರ್ಜಿ ಕೊಟ್ಟು ಕರಾರನ್ನು ರದ್ದುಪಡಿಸಿಕೊಳ್ಳಲು 28ನೇ ಕಲಮು ಮಾರಾಟಗಾರರಿಗೆ ಅವಕಾಶ ಕೊಡುತ್ತದೆ.

ರದ್ದತಿ ನೋಟಿಸು

ಮಾರಾಟಗಾರರು 'ಕರಾರು ರದ್ದಾಗಿದೆ' ಎಂದು ನೋಟಿಸು ಕಳುಹಿಸಿದರೆ ಖರೀದಿದಾರರು ಅದನ್ನು ಹಾಗೆಯೇ ಬಿಟ್ಟು ನಿರ್ದಿಷ್ಟ ಪಾಲನೆಯ ದಾವೆ ಹೂಡಬಹುದೆ? ಕರ್ನಾಟಕದಿಂದ ಹೋದ ಐ. ಎಸ್. ಸಿಕಂದರ್ ವಿರುದ್ಧ ಕೆ. ಸುಬ್ರಮಣಿ ಮೇಲ್ಮನವಿಯಲ್ಲಿ ಸರ್ವೋಚ್ಚ ನ್ಯಾಯಾಲಯವು 2013ರಲ್ಲಿ, ರದ್ದತಿ ಕಾನೂನುಬಾಹಿರವೆಂಬ ಘೋಷಣೆಯನ್ನು ಕೇಳದ ದಾವೆ ನಿಲ್ಲುವುದಿಲ್ಲವೆಂದಿತು. ಘೋಷಣೆ ಕೇಳದೆ ಬಿಟ್ಟ ಖರೀದಿದಾರರಿಗೆ ಈ ತೀರ್ಪು ಕಂಟಕವಾಯಿತು. 2025ರ ಅಣ್ಣಾಮಲೈ ವಿರುದ್ಧ ವಾಸಂತಿ ತೀರ್ಪು ಒಂದು ಮುಖ್ಯ ಭೇದವನ್ನು ಗುರುತಿಸಿತು. ರದ್ದುಮಾಡುವ ಹಕ್ಕನ್ನು ಕರಾರೇ ಕೊಟ್ಟಿದ್ದು, ಅದನ್ನು ಚಲಾಯಿಸಿದ್ದರೆ ಘೋಷಣೆ ಬೇಕು. ಅಂಥ ಹಕ್ಕಿಲ್ಲದೆ ಏಕಪಕ್ಷೀಯವಾಗಿ ರದ್ದೆಂದು ಬರೆದರೆ ಅದು ರದ್ದತಿಯಲ್ಲ, ನಿರಾಕರಣೆ. ಅದನ್ನು ಲೆಕ್ಕಿಸದೆ ನೇರವಾಗಿ ಕರಾರಿನ ಪಾಲನೆಯನ್ನು ಕೇಳಬಹುದು. ಆ ಮೊಕದ್ದಮೆಯಲ್ಲಿ ಗಡುವಿನ ನಂತರವೂ ಹಣ ಪಡೆದುದು ಮಾರಾಟಗಾರರಿಗೆ ಮುಳುವಾಯಿತು. ಭೇದ ಸರಿಯಾದುದೇ ಆದರೂ ದಾವೆಪತ್ರದಲ್ಲಿ ಘೋಷಣೆಯನ್ನೂ ಸೇರಿಸುವುದು ಕ್ಷೇಮವೆನಿಸುತ್ತದೆ.

ಮುಂಗಡ ಹಣ

ನಿರಾಕರಿಸಿದವರು ಖರೀದಿದಾರರಾದರೆ ಮಾರಾಟಗಾರರು ಎಷ್ಟು ಹಣವನ್ನು ಉಳಿಸಿಕೊಳ್ಳಬಹುದು? ಉತ್ತರ ಕರಾರು ಅಧಿನಿಯಮದ 74ನೇ ಕಲಮಿನ ಸುತ್ತ ಸುತ್ತುತ್ತದೆ. 1963ರ ಫತೇಹ್ ಚಂದ್ ವಿರುದ್ಧ ಬಾಲಕಿಶನ್ ದಾಸ್ ಮೊಕದ್ದಮೆಯಲ್ಲಿ ಖರೀದಿದಾರರು 1,000 ರೂಪಾಯಿ ಸಂಚಕಾರವನ್ನೂ ಬೆಲೆಯ ಬಾಬ್ತು 24,000 ರೂಪಾಯಿಗಳನ್ನೂ ಕೊಟ್ಟಿದ್ದರು. ಇಡೀ 25,000 ತನಗೇ ಸೇರಿತೆಂದು ಮಾರಾಟಗಾರರು ವಾದಿಸಿದರು. ಸಂಚಕಾರ ಮಾತ್ರ ಮುಟ್ಟುಗೋಲಿಗೆ ತಕ್ಕುದು, ಬೆಲೆಯ ಭಾಗವಾಗಿ ಕೊಟ್ಟ ಹಣವಲ್ಲ ಎಂದು ಸಂವಿಧಾನ ಪೀಠ ತೀರ್ಪು ನೀಡಿತು. ಆದ್ದರಿಂದ ಕರಾರಿನಲ್ಲಿ ಹಣವನ್ನು ಏನೆಂದು ಕರೆದಿದೆ ಎಂಬುದು ಕ್ಷುಲ್ಲಕ ವಿಷಯವಲ್ಲ. 2013ರ ಸತೀಶ್ ಬಾತ್ರಾ ಮೊಕದ್ದಮೆಯಲ್ಲಿ 70 ಲಕ್ಷದ ವ್ಯವಹಾರದ 7 ಲಕ್ಷ ರೂಪಾಯಿ ಸಂಚಕಾರವನ್ನು ಪೂರ್ತಿಯಾಗಿ ಮುಟ್ಟುಗೋಲು ಹಾಕಲು ಅವಕಾಶ ದೊರೆಯಿತು.

2015ರ ಕೈಲಾಸ್‌ನಾಥ್ ತೀರ್ಪು ಇನ್ನೊಂದು ಅಂಚನ್ನು ತೋರಿಸುತ್ತದೆ. ದೆಹಲಿ ಅಭಿವೃದ್ಧಿ ಪ್ರಾಧಿಕಾರವು ಹರಾಜಿನ ಬೆಲೆ 3.12 ಕೋಟಿಯ ಕಾಲುಭಾಗವಾದ 78 ಲಕ್ಷ ರೂಪಾಯಿಯನ್ನು ಮುಟ್ಟುಗೋಲು ಹಾಕಿಕೊಂಡು, ಬಳಿಕ ಅದೇ ನಿವೇಶನವನ್ನು 11.78 ಕೋಟಿಗೆ ಮಾರಿತು. ಖರೀದಿದಾರರ ಉಲ್ಲಂಘನೆಯೇ ಇಲ್ಲ, ಪ್ರಾಧಿಕಾರಕ್ಕೆ ನಷ್ಟವೂ ಆಗಿಲ್ಲವೆಂದು ಕಂಡ ನ್ಯಾಯಾಲಯ ಹಣವನ್ನು ಹಿಂದಿರುಗಿಸಲು ಆದೇಶಿಸಿತು.

ಮಾರಾಟಗಾರರೇ ನಿರಾಕರಿಸಿದಾಗ, ಸ್ವತ್ತು ವರ್ಗಾವಣೆ ಅಧಿನಿಯಮದ 55ನೇ ಕಲಮಿನ (6)(ಬಿ) ಉಪಕಲಮು ಖರೀದಿದಾರರಿಗೆ ತಾವು ಕೊಟ್ಟ ಹಣದ ಮಟ್ಟಿಗೆ ಆ ಆಸ್ತಿಯ ಮೇಲೆಯೇ ಹೊಣೆಯ ಹಕ್ಕನ್ನು ಕೊಡುತ್ತದೆ. ಭೂಮಿ ಸಿಗದಿದ್ದ ಪಕ್ಷಕ್ಕೆ ಹಣವನ್ನಾದರೂ ಕೊಡಿಸಿ ಎಂದು ದಾವೆಯಲ್ಲಿ ಪರ್ಯಾಯವಾಗಿ ಕೇಳಿಕೊಳ್ಳಬೇಕು. ಕೇಳದಿದ್ದರೆ ನಿರ್ದಿಷ್ಟ ಪರಿಹಾರ ಅಧಿನಿಯಮದ 22ನೇ ಕಲಮಿನಂತೆ ನ್ಯಾಯಾಲಯ ಅದನ್ನು ಕೊಡುವುದಿಲ್ಲ. ಆದರೆ ದಾವೆಯ ಯಾವ ಹಂತದಲ್ಲಿಯಾದರೂ ತಿದ್ದುಪಡಿ ಮಾಡಿ ಸೇರಿಸಿಕೊಳ್ಳಬಹುದು.

ಕಾಲಮಿತಿ

ಕಾಲಪರಿಮಿತಿ ಅಧಿನಿಯಮ 1963ರ 54ನೇ ಅನುಚ್ಛೇದದ ಪ್ರಕಾರ ನಿರ್ದಿಷ್ಟ ಪಾಲನೆಯ ದಾವೆಗೆ ಮೂರು ವರ್ಷಗಳ ಅವಧಿಯಿದೆ. ಕರಾರಿನಲ್ಲಿ ದಿನಾಂಕ ನಿಗದಿಯಾಗಿದ್ದರೆ ಎಣಿಕೆ ಆ ದಿನದಿಂದ. ಇಲ್ಲವಾದರೆ, ಎದುರಿನವರು ನಿರಾಕರಿಸಿದ್ದಾರೆಂಬುದು ವಾದಿಗೆ ತಿಳಿದುಬಂದ ದಿನದಿಂದ. ಖಾತೆ ಬದಲಾವಣೆ ಆಗಲಿ, ಪೋಡಿ ಮುಗಿಯಲಿ, ಆಮೇಲೆ ನೋಡೋಣ ಎಂಬ ಮಾತಿನ ಮೇಲೆ ದಿನಾಂಕವಿಲ್ಲದ ಕರಾರುಗಳು ವರ್ಷಗಟ್ಟಲೆ ಸಾಗುವುದುಂಟು. ಅಂಥಲ್ಲಿ ನಿರಾಕರಣೆ ತಿಳಿದ ದಿನವೇ ಗಡಿಯಾರ ಓಡತೊಡಗುವ ದಿನ. ಮಾರುವುದಿಲ್ಲವೆಂಬ ನೋಟಿಸು ಅಂಚೆಯವನ ಕೈಯಿಂದ ಬಂದ ದಿನವನ್ನು ಲಕೋಟೆಯ ಮೇಲೆಯೇ ಬರೆದಿಟ್ಟುಕೊಳ್ಳುವ ಹಳೆಯ ಗುಮಾಸ್ತರ ಅಭ್ಯಾಸಕ್ಕೆ ಈ ಅನುಚ್ಛೇದದಲ್ಲಿ ಸಾಕಷ್ಟು ಕಾರಣವಿದೆ.